ಬಾಯಿಯ ಅಳತೆ

ಮುಂಬಲ್ಲನ್ನು ಮೇಣದಲ್ಲಿ ಕೂರಿಸುವಾಗ ಸಿಟ್ಟು ಬರಬಾರದು. ಸಿಟ್ಟು ಬಂದರೆ ಹಲ್ಲು ಕೂದಲೆಳೆಯಷ್ಟು ಮುಂದೆ ಬರುತ್ತದೆ, ಆಮೇಲೆ ಆ ಕಟ್ಟುಹಲ್ಲಿನ ಸೆಟ್ಟು ಹಾಕಿಕೊಂಡ ಮನುಷ್ಯ ಬದುಕಿರುವಷ್ಟು ದಿನ ಯಾರ ಮೇಲೋ ರೇಗಿದವನ ಹಾಗೆ ಕಾಣುತ್ತಾನೆ. ಹಲ್ಲಿನ ಸೆಟ್ಟು ಮಾಡುವುದೇ ಕೆಲಸವಾದ ಅವಳಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಈ ಶನಿವಾರ ಬೆಳಿಗ್ಗೆಯಿಂದ ಒಂದೇ ಹಲ್ಲನ್ನು ತೆಗೆದು, ಮೇಣ ಕಾಯಿಸಿ, ಕೂರಿಸಿ, ಮತ್ತೆ ತೆಗೆದು, ಕೊನೆಗೆ ಕೈಯಲ್ಲಿದ್ದ ಚಾಕುವನ್ನು ಸ್ಪಿರಿಟ್ ದೀಪದ ಪಕ್ಕಕ್ಕೆ ಎಸೆದು ಸುಮ್ಮನೆ ಕೂತಳು. ಎದುರಿನ ಸ್ಟೂಲು ಪಾಸ್ಟರ್ ಎದ್ದು ಹೋದ ಹಾಗೇ ಓರೆಯಾಗಿ ನಿಂತಿತ್ತು. ಎಳೆಯ ವಯಸ್ಸಿನ ಪಾಸ್ಟರ್, ಈ ಚರ್ಚಿನ ಸಭೆಗೆ ಹೊಸಬ, ಒಳ್ಳೆಯವನು. ಒಳ್ಳೆಯವನಾಗಿರುವುದೇ ತೊಂದರೆ. ಕೆಟ್ಟವನಾಗಿದ್ದರೆ ಬಾಗಿಲು ತೋರಿಸಬಹುದಿತ್ತು. ಅವನು ಕಪಾಟಿನ ಮೇಲೆ ಸಾಲಾಗಿ ಇಟ್ಟಿದ್ದ ಪ್ಲಾಸ್ಟರ್ ದವಡೆಗಳನ್ನು ನೋಡಿ, ಒಂದರ ಮೇಲೆ ಬೆರಳಾಡಿಸಿ, "ಎಷ್ಟು ಜನರ ಬಾಯಿ ನಿಮ್ಮ ಕೈಯಲ್ಲಿದೆ ಅಮ್ಮಾ," ಎಂದು ನಕ್ಕಿದ್ದ. ಆಮೇಲೆ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, "ನಾಳೆ ಕರುಣೆ ಮೇಲೆ ಪ್ರಸಂಗ ಮಾಡ್ತಾ ಇದೀನಿ. ನಾನು ಎಷ್ಟು ಹೇಳಿದ್ರೂ ಅದು ಬರೀ ಮಾತು. ನೀವು ಎದ್ದು ನಿಂತು ಸಾಕ್ಷಿ ಹೇಳಬೇಕು. ಟೀಚರಮ್ಮನೂ ನಿಮ್ಮ ಪಕ್ಕಕ್ಕೆ ಬಂದು ನಿಲ್ಲಲಿ," ಎಂದಿದ್ದ.

"ಏನಂತ ಸಾಕ್ಷಿ ಹೇಳಲಿ?"

"ಅವರನ್ನ ಹೇಗೆ ಕ್ಷಮಿಸಿದಿರಿ ಅಂತ."

"ನಾನು ಕ್ಷಮಿಸಿದೆ ಅಂತ ನಿಮಗೆ ಯಾರು ಹೇಳಿದ್ದು?"

ಅದಕ್ಕೆ ಅವನು ನಕ್ಕ ನಗುವೇ ಈಗ ಅವಳ ಕೈ ಕೆಡಿಸಿದ್ದು. ನಿಮ್ಮ ಈ ವಿನಯವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ ಎಂಬಂಥ ನಗು. ಏನು ಹೇಳಿದರೂ ಅದು ಪುಣ್ಯದ ಖಾತೆಗೇ ಜಮಾ ಆಗುವುದಾದರೆ ಮನುಷ್ಯ ಬಾಯಿ ತೆರೆದು ಏನು ಪ್ರಯೋಜನ. ನಾಳೆ ಎದ್ದು ನಿಂತು ಏನು ಹೇಳುವುದು? ಹೌದು ಎಂದರೆ ಸುಳ್ಳು. ಇಲ್ಲ ಎಂದರೆ, ಹಾಗಾದರೆ ಟೀಚರಮ್ಮನ ಮನೆಗೆ ಮಧ್ಯಾಹ್ನ ಮಧ್ಯಾಹ್ನ ಯಾಕೆ ಹೋಗುತ್ತಿದ್ದೆ ಎಂದು ಕೇಳುತ್ತಾರೆ. ಅದಕ್ಕೆ ಅವಳಲ್ಲಿ ಉತ್ತರವಿತ್ತು, ಆದರೆ ಅದು ಅವಳು ಕೊಡಬಾರದ ಉತ್ತರ.

ಟೀಚರಮ್ಮ ಎಂದರೆ ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಗಾಯನ ಮಂಡಳಿಗೆ ಅವಳೇ ಗುರು, ಭಾನುವಾರದ ಮಕ್ಕಳ ಶಾಲೆಗೂ ಅವಳೇ. ಅರ್ಧ ಸಭೆ ಅವಳ ಕೈಯಲ್ಲಿ ಕಿವಿ ಹಿಂಡಿಸಿಕೊಂಡು ಬೆಳೆದದ್ದು. ಎದುರಿಗೆ ಅವಳಿಗೆ ಎಲ್ಲರೂ ಬಹುವಚನ, ಇವಳೂ ಬಹುವಚನವೇ. ಮನಸ್ಸಿನೊಳಗೆ ಮಾತ್ರ ತನ್ನ ಮಗಳ ಮದುವೆ ಮುರಿದ ದಿನದಿಂದ ಏಕವಚನ, ಮತ್ತು ಆ ಸಣ್ಣ ಸೇಡನ್ನು ಇವಳು ಯಾವ ಪ್ರಾರ್ಥನೆಯಲ್ಲೂ ದೇವರಿಗೆ ಒಪ್ಪಿಸಿರಲಿಲ್ಲ. ಇರಲಿ, ಅದೊಂದು ತನಗಿರಲಿ. ಮಗಳಿಗೆ ಗಂಡು ಗೊತ್ತಾಗಿ, ಎರಡೂ ಮನೆಯವರು ಒಪ್ಪಿ, ಮದುವೆಯ ಪ್ರಕಟಣೆಯನ್ನು ಚರ್ಚಿನಲ್ಲಿ ಓದಿಯೂ ಆಗಿತ್ತು. ಟೀಚರಮ್ಮ ಗಂಡಿನ ದೊಡ್ಡಮ್ಮನ ಹತ್ತಿರ, ಬೇರೇನೋ ಮಾತಿನ ನಡುವೆ, ಹುಡುಗಿಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತು, ಈಗ ಹೇಗಿದೆಯೋ ಪಾಪ, ಎಂದಳು. ಅಷ್ಟೇ. ಬರುತ್ತಿತ್ತು ಅಲ್ಲ, ಒಮ್ಮೆ ಬಂದಿತ್ತು. ಜ್ವರದಲ್ಲಿ, ಆರ್ಗನ್ನಿನ ಪಕ್ಕದಲ್ಲೇ, ಹಾಡುವ ಸಾಲಿನಲ್ಲಿ ನಿಂತಿದ್ದ ಮಗು ಇದ್ದಕ್ಕಿದ್ದಂತೆ ಬಿದ್ದು ಕೈಕಾಲು ಸೆಟೆದುಕೊಂಡಿತ್ತು. ಅವತ್ತು ಅದನ್ನು ಮಡಿಲಿಗೆ ಎಳೆದುಕೊಂಡು, ತಲೆ ನೆಲಕ್ಕೆ ಬಡಿಯದಂತೆ ಹಿಡಿದು, ಇವಳು ಓಡಿ ಬರುವವರೆಗೆ ಕೂತಿದ್ದವಳೂ ಇದೇ ಟೀಚರಮ್ಮ. ಸೀರೆಯೆಲ್ಲ ಒದ್ದೆಯಾಗಿತ್ತು, ಆದರೂ ಎದ್ದಿರಲಿಲ್ಲ. ಎರಡೂ ಒಂದೇ ಬಾಯಿಯ, ಒಂದೇ ಮಡಿಲಿನ ಕೆಲಸ ಎಂದು ನಂಬುವುದು ಇವಳಿಗೆ ಇವತ್ತಿಗೂ ಕಷ್ಟ. ಗಂಡಿನ ಕಡೆಯವರು ಕಾರಣ ಹೇಳಲಿಲ್ಲ, ಬರುವುದು ನಿಲ್ಲಿಸಿದರು. ಕೇಳಲು ಹೋದಾಗ ಟೀಚರಮ್ಮ ಬಾಗಿಲಲ್ಲೇ ನಿಂತು, "ಒಳ್ಳೇದಕ್ಕೇ ಹೇಳಿದ್ದು. ಮುಂದೆ ಗೊತ್ತಾಗಿ ಮನೆಗೆ ಕಳಿಸಿದ್ರೆ ಏನು ಮಾಡ್ತಿದ್ದೆ?" ಎಂದಿದ್ದಳು. ಎಷ್ಟು ಚೆಂದದ ಹಲ್ಲು ಅವಳದು ಆಗ. ಕೆಲಸದ ಕಣ್ಣು ಅಂಥ ಹೊತ್ತಿನಲ್ಲೂ ಸುಮ್ಮನಿರುವುದಿಲ್ಲ. ಇವಳು ಬೈಸಿಕೊಳ್ಳುತ್ತಲೇ ಆ ಹಲ್ಲುಗಳನ್ನು ನೋಡಿದ್ದಳು.

ಅವಳು ಮೇಣವನ್ನು ಮತ್ತೆ ಕಾಯಿಸಿದಳು. ಹಿಂದಿನ ಬಾಗಿಲು ಅರ್ಧ ತೆರೆದಿತ್ತು, ಆಚೆಗೆ ಓಣಿ, ಓಣಿಯಲ್ಲಿ ಯಾರದೋ ಸೈಕಲ್ಲು. ಮುಂಭಾಗದಲ್ಲಿ ಹಲ್ಲಿನ ಡಾಕ್ಟರ ಚಿಕಿತ್ಸೆಯ ಕೋಣೆ, ರೋಗಿಗಳು ಕಾಯುವ ಬೆಂಚು. ಹಿಂಭಾಗದ ಈ ಕಿರುಕೋಣೆ ಇವಳದು, ಇಲ್ಲಿಗೆ ಬರುವವರು ಕಡಿಮೆ. ಸಭೆಯ ಜನ ಇವಳನ್ನು ಹಲ್ಲಮ್ಮ ಎನ್ನುತ್ತಾರೆ, ಪ್ರೀತಿಯಿಂದ ಅಂತ ಅವರು ತಿಳಿದುಕೊಂಡಿದ್ದಾರೆ. ಕೆಲವು ವಾರಗಳ ಹಿಂದೆ ಒಂದು ಮಧ್ಯಾಹ್ನ ಇದೇ ಹಿಂದಿನ ಬಾಗಿಲಿಗೆ ಟೀಚರಮ್ಮ ಬಂದು ನಿಂತಾಗ ಇವಳು ಊಟದ ಡಬ್ಬಿ ತೊಳೆಯುತ್ತಿದ್ದಳು. ಮೂಗಿನಿಂದ ಕೆಳಗೆ ಕರವಸ್ತ್ರ ಒತ್ತಿ ಹಿಡಿದಿದ್ದಳು ಟೀಚರಮ್ಮ. ಚರ್ಚಿಗೆ ಬರದೆ ತುಂಬ ದಿನವಾಗಿತ್ತು, ಕೈನೋವು ಎಂದು ಹೇಳಿ ಕಳಿಸಿದ್ದಳು, ಆರ್ಗನ್ ಇಲ್ಲದೆ ಸಭೆ ಹಾಡನ್ನು ಎಲ್ಲೆಲ್ಲಿಗೋ ಎಳೆದುಕೊಂಡು ಹೋಗುತ್ತಿತ್ತು. ಒಂದು ಮಾತನ್ನೂ ಆಡದೆ ಟೀಚರಮ್ಮ ಇನ್ನೊಂದು ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಮೇಲಿನ ಸೆಟ್ಟು, ನಟ್ಟನಡುವೆ ಎರಡಾಗಿತ್ತು. ಕೆಳಗಿನದರ ಅಂಚು ಚಕ್ಕೆ ಹಾರಿತ್ತು. ಎಲ್ಲೋ ದೂರದ ಊರಿನಲ್ಲಿ, ಯಾರಿಗೂ ತಿಳಿಯದ ಹಾಗೆ, ಬಹಳ ಹಿಂದೆಯೇ ಮಾಡಿಸಿಕೊಂಡದ್ದು. ಬಚ್ಚಲಲ್ಲಿ ಜಾರಿ ಬಿದ್ದು ಒಡೆದದ್ದು ಎಂದು ಆಮೇಲೆ ತಿಳಿಯಿತು. ಹಾಗಾದರೆ ಬಾಗಿಲಲ್ಲಿ ನಿಂತು ಒಳ್ಳೇದಕ್ಕೇ ಹೇಳಿದ್ದು ಎಂದಾಗ ಇದ್ದದ್ದೂ ಇವೇ. ಇವಳಂಥ ಇವಳಿಗೇ ಗೊತ್ತಾಗಿರಲಿಲ್ಲ, ಆ ಊರಿನವನ ಕೈ ಅಷ್ಟು ಚೆನ್ನಾಗಿತ್ತು. ಇವಳಿಗೆ ಮೊದಲು ಬಂದದ್ದು ನಗು. ಆಮೇಲೆ, ದೇವರೇ ಸಾಕ್ಷಿ, ಬಂದದ್ದು ಸಂತೋಷ. ಆ ಬಾಯಿಗೆ ಹೀಗೇ ಆಗಬೇಕಿತ್ತು. ಟೀಚರಮ್ಮ ಕರವಸ್ತ್ರ ತೆಗೆದಳು. ತುಟಿ ಒಳಕ್ಕೆ ಮಡಚಿಕೊಂಡು, ಗದ್ದ ಮೂಗಿನ ಹತ್ತಿರಕ್ಕೆ ಬಂದು, ಸಭೆಯ ಅರ್ಧ ಜನರ ಕಿವಿ ಹಿಂಡಿದ ಮುಖ ಮುದುಡಿಹೋಗಿತ್ತು. "ಯಾರಿಗೂ ಹೇಳಬೇಡ," ಎಂದಳು. ಅದೂ ಸರಿಯಾಗಿ ಕೇಳಿಸಲಿಲ್ಲ, ಬರೀ ಗಾಳಿ. ತಪ್ಪಾಯಿತು ಎನ್ನಲಿಲ್ಲ. ಮಗಳು ಹೇಗಿದ್ದಾಳೆ ಎಂದೂ ಕೇಳಲಿಲ್ಲ.

ಬೇರೆ ಕಡೆ ಹೋಗಿ ಎನ್ನಬಹುದಿತ್ತು. ಎನ್ನಲು ಬಾಯಿ ತೆರೆದದ್ದೂ ನಿಜ. ಆದರೆ ಕೈ ಆಗಲೇ ಒಡೆದ ಸೆಟ್ಟಿನ ಎರಡು ತುಂಡನ್ನು ಹೊಂದಿಸಿ ನೋಡುತ್ತಿತ್ತು, ಹೊಂದುವುದಿಲ್ಲ, ಹೊಸದೇ ಮಾಡಬೇಕು ಎಂದು ಕೈಗೆ ಗೊತ್ತಾಗಿತ್ತು. ಇದಕ್ಕೆ ಕರುಣೆ ಎಂದು ಹೆಸರಿಟ್ಟರೆ ಅವಳು ಒಪ್ಪುವುದಿಲ್ಲ. ಕಣ್ಣೆದುರು ಬಾಯಿಲ್ಲದ ಹೆಂಗಸೊಬ್ಬಳು ನಿಂತಿದ್ದಳು, ತಾನು ಬಾಯಿ ಮಾಡುವ ಕೆಲಸದವಳು. ಸಿಟ್ಟು ಒಂದು ಕಡೆ ಕೂತಿತ್ತು, ಕೈ ಒಂದು ಕಡೆ ಕೆಲಸ ಮಾಡುತ್ತಿತ್ತು, ಎರಡೂ ಪರಸ್ಪರ ಮಾತಾಡಿಕೊಂಡಿರಲಿಲ್ಲ. "ಇಲ್ಲಿ ಆಗಲ್ಲ, ಮುಂದೆ ಬೆಂಚಲ್ಲಿ ಎಲ್ಲಾ ನಮ್ಮವರೇ. ನಿಮ್ಮ ಮನೆಗೇ ಬರ್ತೀನಿ," ಎಂದಳು. ಡಾಕ್ಟರ ಹತ್ತಿರ, ಒಬ್ಬರಿಗೆ ಮನೆಯಲ್ಲೇ ಅಳತೆ ತೆಗೆಯಬೇಕು ಎಂದಳು, ಯಾರಿಗೆಂದು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಅಳತೆ ತೆಗೆಯುವುದು ನೋಡಲು ಚೆಂದದ ಕೆಲಸವಲ್ಲ. ಬಾಯಗಲದ ತಟ್ಟೆಯ ತುಂಬ ಮೆತ್ತನೆಯ ಹಿಟ್ಟಿನಂಥದ್ದನ್ನು ತುಂಬಿ, ಬಾಯೊಳಗೆ ಒತ್ತಿ, ಅದು ಗಟ್ಟಿಯಾಗುವವರೆಗೆ ತಲೆಯನ್ನು ಅಲ್ಲಾಡದಂತೆ ಹಿಡಿದುಕೊಂಡಿರಬೇಕು. ಓಕರಿಕೆ ಬರುತ್ತದೆ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತದೆ. ಬೆಳಕಿಗೆ ಬೇಕೆಂದು ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿದ್ದಳು, ಅದೇ ತಪ್ಪಾಯಿತು. ಟೀಚರಮ್ಮನ ಎದುರುಮನೆಯಲ್ಲಿ ಇರುವುದು ಸಭೆಯ ಕಾರ್ಯದರ್ಶಿ, ಕಾರ್ಯದರ್ಶಿಗಿಂತ ಹೆಚ್ಚಾಗಿ ಅವನ ಹೆಂಡತಿ. ಆಕೆ ಒಗೆದ ಬಟ್ಟೆ ಹರವಲು ಬಂದವಳು ಕಿಟಕಿಯಲ್ಲಿ ಕಂಡದ್ದು ಇಷ್ಟು: ಟೀಚರಮ್ಮ ಮುಖ ಮೇಲೆತ್ತಿ ಕಣ್ಣು ಮುಚ್ಚಿ ಕೂತಿದ್ದಾಳೆ, ಕೆನ್ನೆ ಮೇಲೆ ಧಾರಾಕಾರ ಕಣ್ಣೀರು; ಹಲ್ಲಮ್ಮ ಹಿಂದೆ ನಿಂತು, ಎರಡೂ ಕೈಯಿಂದ ಆ ತಲೆಯನ್ನು ಎದೆಗೆ ಒತ್ತಿ ಹಿಡಿದು, ತುಟಿ ಅಲ್ಲಾಡಿಸುತ್ತಿದ್ದಾಳೆ. ಕೈಯಿಟ್ಟು ಪ್ರಾರ್ಥನೆ! ಮಗಳ ಬಾಳಿಗೆ ಕಲ್ಲು ಹಾಕಿದವಳ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ! ಆಕೆಯೂ ಅಲ್ಲೇ ಬಟ್ಟೆಯ ಬಕೆಟ್ಟಿನ ಪಕ್ಕ ಮೊಣಕಾಲೂರಿದಳಂತೆ. ಅದನ್ನು ಆಕೆ ಎಷ್ಟು ಜನಕ್ಕೆ ಹೇಳಿದಳೋ, ಹೇಳುವಾಗೆಲ್ಲ ಅತ್ತಳಂತೆ. ತುಟಿ ಅಲ್ಲಾಡುತ್ತಿದ್ದದ್ದು ನಿಜ. ಮೂಗಿನಲ್ಲಿ ಉಸಿರಾಡಿ, ಮೂಗಿನಲ್ಲಿ ಉಸಿರಾಡಿ, ಹಾಳಾದ್ದು ಅಲ್ಲಾಡಬೇಡಿ, ಎಂದು ಇವಳು ಹೇಳುತ್ತಿದ್ದದ್ದು.

ಅವಳಿಗೆ ಈಗಲೂ ನಗು ಬಂತು. ಆ ಮನೆಯಲ್ಲಿ ನಡೆದ ಇನ್ನೊಂದನ್ನು ಯಾವ ಕಿಟಕಿಯೂ ನೋಡಿರಲಿಲ್ಲ. ಹೊಸ ಹಲ್ಲಿಗೆ 'ಸ' ಎನ್ನುವುದೇ ಪರೀಕ್ಷೆ. ಮುಂಬಲ್ಲಿನ ಹಿಂದೆ ಅಂಗುಳದ ಭಾಗ ಒಂಚೂರು ಹೆಚ್ಚುಕಮ್ಮಿಯಾದರೆ ಗಾಳಿ ಸೀಟಿ ಹೊಡೆಯುತ್ತದೆ. ಅದಕ್ಕೇ ಹಾಕಿ ನೋಡುವ ದಿನ ಸಾಸಿವೆ, ಸಂಜೆ, ಸುಸ್ತು ಎಂದೆಲ್ಲ ಹೇಳಿಸುತ್ತಾರೆ. ಟೀಚರಮ್ಮ ಸಾಸಿವೆ ಎಂದಳು, ಸೀಟಿ ಬಂತು. ಸಂಜೆ ಎಂದಳು, ಸೀಟಿ. ಆಗ ಇವಳ ಬಾಯಿಂದ ತಾನಾಗಿ ಬಂದುಬಿಟ್ಟಿತು, "ಹೇಳಿ, ಸುಳ್ಳು ಸುದ್ದಿ." ಟೀಚರಮ್ಮ ಕಣ್ಣೆತ್ತಿ ನೋಡಿದಳು. ಇವಳು ಕೈಕನ್ನಡಿ ಹಿಡಿದೇ ನಿಂತಿದ್ದಳು. "ಸುಳ್ಳು ಸುದ್ದಿ," ಎಂದಳು ಟೀಚರಮ್ಮ, ಸೀಟಿಯ ಸಮೇತ. "ಇನ್ನೊಂದು ಸಲ." ಇನ್ನೊಂದು ಸಲ ಹೇಳಿದಳು. ಮೂರನೆಯ ಸಲ ಕೇಳುವ ಮೊದಲೇ ಆ ಮುದುಕಿಯ ಕೆಳತುಟಿ ನಡುಗಿದ್ದು ಕಂಡಿತು. ಕುರ್ಚಿಯಲ್ಲಿ ಕೂತವಳು ಎದ್ದು ಹೋಗುವ ಹಾಗಿಲ್ಲ, ಬಾಯಿ ಇವಳ ಕೈಯಲ್ಲಿದೆ. ಹೇಳು ಎಂದದ್ದನ್ನು ಹೇಳದೆ ವಿಧಿಯಿಲ್ಲ. ಇವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಹೇಸಿಗೆಯ ಜೊತೆಗೇ ಇನ್ನೂ ಒಂದು ಸಲ ಹೇಳಿಸಬೇಕು ಎಂಬ ಆಸೆ, ಬಾಯಲ್ಲಿ ನೀರು ಬರುವಂಥ ಆಸೆ. "ಸಾಕು. ಹಿಂದೆ ಸ್ವಲ್ಪ ಉಜ್ಜಬೇಕು," ಎಂದು ಸೆಟ್ಟನ್ನು ತೆಗೆದುಕೊಂಡು ಬಂದುಬಿಟ್ಟಳು. ಇದನ್ನು ಹೇಳಲೇ ನಾಳೆ, ಪಾಸ್ಟರ್? ಕರುಣೆಗೆ ಎದ್ದು ನಿಂತ ಹಲ್ಲಮ್ಮ ಕರುಣೆಯ ನಡುವೆ ಏನು ಮಾಡಿದಳು ಎಂದು?

ಆ ಹಲ್ಲು ಈಗ ಆ ಬಾಯಲ್ಲಿದೆ. ಟೀಚರಮ್ಮ ಚರ್ಚಿಗೆ ಮರಳಿದ್ದಾಳೆ, ಕೈನೋವು ವಾಸಿಯಾಯಿತು ಎಂದು ಸಭೆ ಸ್ತೋತ್ರ ಹೇಳಿದೆ. ಎಡಗಡೆ ಒಸಡು ಇನ್ನೂ ಒತ್ತುತ್ತದೆ, ಅದನ್ನು ಉಜ್ಜಿಕೊಡಬೇಕು. ಅದಕ್ಕೆ ಮತ್ತೆ ಆ ಮನೆಗೆ ಹೋಗಬೇಕು, ಮತ್ತೆ ಎದುರುಮನೆಯಾಕೆ ಬಕೆಟ್ಟು ತರಬೇಕು.

ಸಂಜೆ ಮನೆಗೆ ಬಂದಾಗ ಗಂಡ ನಾಳೆಯ ಹಾಡನ್ನು ಗುನುಗುತ್ತ ಶೂ ಪಾಲಿಶ್ ಮಾಡುತ್ತಿದ್ದ. ಅವನೂ ಗಾಯನ ಮಂಡಳಿಯಲ್ಲಿದ್ದಾನೆ, ದಪ್ಪ ದನಿ, ಸ್ವರ ಹಿಡಿಯುವ ಕಿವಿ ಅಷ್ಟೇನೂ ಇಲ್ಲ. ಮಗಳ ಮದುವೆ ಮುರಿದಾಗ ಅವನು ಒಂದಿಷ್ಟು ದಿನ ಹಾಡಲು ಹೋಗಿರಲಿಲ್ಲ, ಆಮೇಲೆ ಹೋದ. ಹೋಗದೆ ಇರಲು ಅವನಿಂದ ಆಗಲಿಲ್ಲ, ಅದನ್ನು ಇವಳು ಹೊಟ್ಟೆಗೆ ಹಾಕಿಕೊಂಡಿದ್ದಳು. ಅಥವಾ ಹಾಕಿಕೊಂಡಿದ್ದೇನೆ ಅಂದುಕೊಂಡಿದ್ದಳು. "ಎದ್ದು ನಿಂತು ದೇವರಿಗೆ ಸ್ತೋತ್ರ ಅಂತ ಹೇಳಿ ಕೂತ್ಕೊ. ಮುಗೀತಲ್ಲ. ಎಲ್ಲರ ಎದುರು ಯಾಕೆ ಹಠ," ಎಂದ ಅವನು ಶೂವಿನಿಂದ ತಲೆಯೆತ್ತದೆ. ಅವಳು ಉತ್ತರ ಕೊಡುವಷ್ಟರಲ್ಲಿ ಮಗಳ ಫೋನು ಬಂತು. ಮಗಳಿಗೆ ಬೇರೆ ಊರಿನ ರೈಲು ನಿಲ್ದಾಣದಲ್ಲಿ ಕೆಲಸ. ಮೈಕಿನ ಮುಂದೆ ಕೂತು ಗಾಡಿಗಳು ಬರುವುದನ್ನು ಹೋಗುವುದನ್ನು ತಡವಾಗುವುದನ್ನು ಹೇಳುತ್ತಾಳೆ. ಸಿಟ್ಟು ಬಂದರೆ ಅಮ್ಮನ ಹತ್ತಿರವೂ ಅದೇ ದನಿ, ಏರಿಳಿತವಿಲ್ಲದ್ದು, ಒಂದೊಂದೇ ಮಾತು ಬಿಡಿಸಿ ಇಡುವಂಥದ್ದು.

"ಅಮ್ಮ, ನೀನು ಅವರ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ಯಂತೆ."

"ಯಾರು ಹೇಳಿದ್ದು?"

"ಯಾರು ಹೇಳಿಲ್ಲ ಅಂತ ಕೇಳು. ನಾಳೆ ಸಾಕ್ಷಿ ಬೇರೆ ಹೇಳ್ತೀಯಂತೆ."

"ನಾನು ಹ್ಞೂಂ ಅಂದಿಲ್ಲ."

"ಉಹ್ಞೂಂ ಅಂದ್ಯಾ?"

ಫೋನಿನ ಆಚೆ ಯಾವುದೋ ಗಾಡಿ ಬಂದು ನಿಲ್ಲುವ ಸದ್ದು ಕೇಳಿಸುತ್ತಿತ್ತು.

"ಅಮ್ಮ, ನನಗೆ ಒಂದೇ ಒಂದು ಗೊತ್ತಾಗಬೇಕು. ಅವರು ಮಾಡಿದ್ದು ನನಗೆ. ಅದನ್ನ ಕ್ಷಮಿಸೋಕೆ ನೀನು ಯಾರು? ನನ್ನನ್ನ ಒಂದು ಮಾತು ಕೇಳಿದ್ಯಾ?"

"ನಾನು ಕ್ಷಮಿಸಿಲ್ಲ ಕಣೇ."

"ಮತ್ತೆ ಆ ಮನೆಗೆ ಯಾಕೆ ಹೋಗ್ತೀಯ?"

ಯಾರಿಗೂ ಹೇಳಬೇಡ ಎಂದು ಟೀಚರಮ್ಮ ಹೇಳಿದಾಗ ಇವಳು ಆಯಿತು ಎಂದಿದ್ದಳು. ಯಾರಿಗೂ ಎಂದರೆ ಮಗಳಿಗೂ. ಒಂದು ಮಾತು ಬಾಯಿ ಬಿಟ್ಟರೆ ಸಾಕು, ಹಲ್ಲು ಮಾಡಿಕೊಡಲು ಹೋಗಿದ್ದೆ ಎಂದರೆ ಸಾಕು, ಮಗಳು ಬಿದ್ದು ಬಿದ್ದು ನಗುತ್ತಾಳೆ, ಈ ದನಿ ಹೋಗಿ ಹಳೆಯ ದನಿ ಬರುತ್ತದೆ. ಆಮೇಲೆ ಮಗಳು ಒಬ್ಬ ಗೆಳತಿಗೆ ಹೇಳುತ್ತಾಳೆ. ಯಾಕೆ ಹೇಳಬಾರದು? ಅವಳ ಮೂರ್ಛೆಯನ್ನು ಊರಿಗೇ ಹೇಳಿದವಳ ಬೊಚ್ಚು ಬಾಯಿಯನ್ನು ಅವಳು ಯಾಕೆ ಮುಚ್ಚಿಡಬೇಕು? ನ್ಯಾಯವಾಗಿಯೇ ಇರುತ್ತದೆ ಅದು. ಕೇಳಿದವರೆಲ್ಲ ಭಾನುವಾರ ಹಾಡುವಾಗ ಆರ್ಗನ್ನಿನ ಕಡೆ ನೋಡಿ ಮೊಣಕೈಯಲ್ಲಿ ತಿವಿದುಕೊಳ್ಳುತ್ತಾರೆ. ತನ್ನ ಮಗಳನ್ನು ಚರ್ಚಿನ ಬಾಗಿಲಲ್ಲಿ ನೋಡಿ ತಿವಿದುಕೊಂಡ ಹಾಗೆ. ಆ ತಿವಿತವನ್ನು ಅವಳು ನೋಡಿದ್ದಳು, ಮಗಳ ಹಿಂದೆಯೇ ನಡೆಯುತ್ತ. ಇನ್ನೊಬ್ಬರಿಗೆ ಅದಾಗುವುದನ್ನು, ಅದೂ ತನ್ನ ಕೈಯಿಂದ ಆಗುವುದನ್ನು, ನೋಡಲು ಅವಳಿಗೆ ಇಷ್ಟವಿರಲಿಲ್ಲ. ಟೀಚರಮ್ಮನ ಮೇಲಿನ ಪ್ರೀತಿಗಲ್ಲ. ಆ ತಿವಿತದ ಮೇಲಿನ ಸಿಟ್ಟಿಗೆ.

"ಕೆಲಸ ಇತ್ತು," ಎಂದಳು.

"ಏನು ಕೆಲಸ?"

"ಹೇಳೋ ಹಾಗಿಲ್ಲ."

"ಸರಿ. ನಾಳೆ ಎದ್ದು ನಿಂತು ಏನು ಹೇಳ್ತೀಯೋ ಅದು ನನಗೆ ಹೇಗಿದ್ರೂ ಗೊತ್ತಾಗುತ್ತೆ," ಎಂದು ಮಗಳು ಫೋನಿಟ್ಟಳು. ಗಾಡಿ ಹೊರಟಿತು ಎಂದು ಹೇಳಿದ ಹಾಗೆಯೇ ಹೇಳಿದಳು.

ಭಾನುವಾರ ಬೆಂಚು ತುಂಬಿತ್ತು. ಅವಳು ಕೂರುವ ಜಾಗ ಎಡಗಡೆ, ಕಂಬದ ಪಕ್ಕ, ಅಲ್ಲಿಂದ ಆರ್ಗನ್ ನೇರವಾಗಿ ಕಾಣುತ್ತದೆ. ಆರ್ಗನ್ ನುಡಿಸುವವಳ ಬೆನ್ನು ಸಭೆಯ ಕಡೆಗೆ ಇರುವುದರಿಂದ ಮೇಲೊಂದು ಸಣ್ಣ ಕನ್ನಡಿ ಹಾಕಿದ್ದಾರೆ, ಪಾಸ್ಟರ್ ಕೈಸನ್ನೆ ನೋಡಲು. ಎಷ್ಟೋ ವರ್ಷದಿಂದ ಆ ಕನ್ನಡಿಯಲ್ಲಿ ಟೀಚರಮ್ಮ ತಡವಾಗಿ ಬಂದವರನ್ನು, ಹಾಡದೆ ನಿಂತವರನ್ನು, ಹೊಸ ಬಟ್ಟೆ ಹಾಕಿದವರನ್ನು ನೋಡಿಕೊಂಡು ಬಂದಿದ್ದಾಳೆ. ಇವತ್ತು ಆ ಕನ್ನಡಿಯೊಳಗಿನ ಎರಡು ಕಣ್ಣು ಇವಳನ್ನು ಬಿಟ್ಟು ಕದಲಲಿಲ್ಲ. ಪಾಸ್ಟರ್ ಮಾತಾಡುತ್ತಿದ್ದ. ಚೆನ್ನಾಗಿಯೇ ಮಾತಾಡುತ್ತಿದ್ದ, ನಮಗೆ ಕೆಡುಕು ಮಾಡಿದವರಿಗೆ ನಾವು ಏನು ಕೊಡುತ್ತೇವೆ ಎಂಬುದರಲ್ಲೇ ನಮ್ಮ ನಂಬಿಕೆಯ ಅಳತೆ ಇದೆ ಎಂದ. ಅಳತೆ ಎಂದಾಗ ಅವಳಿಗೆ ಬಾಯೊಳಗಿನ ತಟ್ಟೆ ನೆನಪಾಗಿ, ನಗುವನ್ನು ಕೆಮ್ಮು ಮಾಡಿಕೊಂಡಳು. ಗಂಡ ಗಾಯನ ಮಂಡಳಿಯ ಸಾಲಿನಿಂದ ಇವಳ ಕಡೆ ನೋಡಿ ತಲೆಯಾಡಿಸಿದ, ಸುಮ್ಮನೆ ಸ್ತೋತ್ರ ಅಂತ ಹೇಳಿ ಕೂತ್ಕೊ ಎನ್ನುವ ಹಾಗೆ. ಅವಳ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಗುಲಾಬಿ ಬಣ್ಣದ ಮೇಣ ಹಾಗೇ ಉಳಿದಿತ್ತು, ಟೀಚರಮ್ಮನದಲ್ಲ, ಬೇರೆ ಯಾರದೋ ಬಾಯಿಯದು. ಎದ್ದು ನಿಂತು ಸುಳ್ಳು ಹೇಳಿದರೆ ಎಲ್ಲರಿಗೂ ಹಿತ. ಪಾಸ್ಟರನ ಪ್ರಸಂಗಕ್ಕೆ ಹಿತ, ಗಂಡನ ಹಾಡಿಗೆ ಹಿತ, ಎದುರುಮನೆಯಾಕೆಯ ಕಣ್ಣೀರಿಗೆ ಹಿತ. ಟೀಚರಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಅವಳು ಎಲ್ಲರೆದುರು ಕ್ಷಮೆ ಪಡೆದವಳಾಗಿ ನಿಲ್ಲಬೇಕು, ಬೇಡಿಯೂ ಇಲ್ಲದ ಕ್ಷಮೆಯನ್ನು. ಒಂದು ಕುರ್ಚಿಯಲ್ಲಿ ಕೂರಿಸಿ ಸುಳ್ಳು ಸುದ್ದಿ ಎಂದು ಹೇಳಿಸಿದ್ದಕ್ಕಿಂತ ಅದು ದೊಡ್ಡದು, ಇಡೀ ಊರೇ ಕೈಕನ್ನಡಿ ಹಿಡಿದು ನಿಂತ ಹಾಗೆ. ಅಷ್ಟೂ ಆದ ಮೇಲೆ ಮಗಳಿಗೆ ಉಳಿಯುವುದು ಏನು? ತನ್ನದೊಂದು ನೋವಿತ್ತು, ಅದನ್ನು ಅಮ್ಮ ಚರ್ಚಿನಲ್ಲಿ ಹಂಚಿಬಿಟ್ಟಳು ಎಂಬುದು.

"ನಮ್ಮ ನಡುವೆಯೇ ಒಬ್ಬ ತಾಯಿ ಇದಾರೆ," ಎಂದ ಪಾಸ್ಟರ್. "ಅಮ್ಮ, ಬನ್ನಿ. ಟೀಚರಮ್ಮ, ನೀವೂ."

ಕನ್ನಡಿಯಲ್ಲಿ ಟೀಚರಮ್ಮನ ಕೈ ಬಾಯಿಗೆ ಹೋಯಿತು. ಅದೇ ಕೈ, ಅದೇ ಹಿಂದಿನ ಬಾಗಿಲಿನ ಕೈ. ಅವಳು ಏಳಲಿಲ್ಲ. ಹಲ್ಲಮ್ಮ ಎದ್ದಳು, ಮುಂದೆ ಹೋಗಲಿಲ್ಲ, ಕಂಬಕ್ಕೆ ಕೈ ಕೊಟ್ಟು ಅಲ್ಲೇ ನಿಂತಳು. ಬೆಂಚುಗಳೆಲ್ಲ ಕಿರ್ರೆಂದು ಅವಳ ಕಡೆಗೆ ತಿರುಗಿದವು.

"ಟೀಚರಮ್ಮ ಏಳಬೇಕಾಗಿಲ್ಲ, ಕೂತಿರಿ," ಎಂದಳು. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಪಾಸ್ಟರ್, ನೀವು ಕೇಳಿದ್ದು ನಿಜ ಅಲ್ಲ. ನಾನು ಯಾರ ತಲೆ ಮೇಲೂ ಕೈಯಿಟ್ಟು ಪ್ರಾರ್ಥನೆ ಮಾಡಿಲ್ಲ. ಇವರನ್ನ ಕ್ಷಮಿಸಿಯೂ ಇಲ್ಲ. ಅವರು ಕೇಳಿಲ್ಲ, ನಾನು ಕೊಟ್ಟಿಲ್ಲ. ಕೇಳೋದಾದ್ರೂ ನನ್ನ ಮಗಳನ್ನ ಕೇಳಬೇಕು, ಅದು ಅವಳ ಕೈಲಿರೋದು. ಅವಳ ಪರವಾಗಿ ಇಲ್ಲಿ ನಿಂತು ದೊಡ್ಡವಳಾಗೋಕೆ ನನಗೆ ಇಷ್ಟ ಇಲ್ಲ."

ಪಾಸ್ಟರನ ಮುಖದ ಮೇಲಿನ ನಗು ಎಲ್ಲಿಗೆ ಹೋಗುವುದೆಂದು ತಿಳಿಯದೆ ಅಲ್ಲೇ ನಿಂತಿತ್ತು. ಅವನನ್ನು ನೋಡಿ ಅವಳಿಗೆ ಪಾಪ ಅನ್ನಿಸಿತು.

"ನಾನು ಕಣ್ಣಾರೆ ನೋಡಿದೆನಲ್ಲ," ಎಂದಳು ಎದುರುಮನೆಯಾಕೆ ಕೂತಲ್ಲಿಂದಲೇ, ಅಳು ಮತ್ತು ಸಿಟ್ಟು ಎರಡೂ ಕೂಡಿ. "ಮತ್ತೆ ಆ ಮನೆಗೆ ಯಾಕೆ ಹೋಗ್ತಿದ್ದೆ ನೀನು?"

ಕನ್ನಡಿಯೊಳಗಿನ ಕಣ್ಣು ಮುಚ್ಚಿಕೊಂಡವು. ಹಿಂದಿನ ಬಾಗಿಲಿಗೆ ಬಂದ ದಿನ ಕರವಸ್ತ್ರ ತೆಗೆಯುವ ಮೊದಲು ಹೀಗೆಯೇ ಮುಚ್ಚಿಕೊಂಡಿದ್ದವು.

"ಅದು ಅವರಿಗೂ ನನಗೂ ಬಿಟ್ಟದ್ದು," ಎಂದಳು ಹಲ್ಲಮ್ಮ. "ಹೋಗ್ತಿದ್ದೆ. ಇನ್ನು ಮುಂದೂ ಹೋಗ್ತೀನಿ. ಕ್ಷಮಿಸದೇ ಹೋಗ್ತೀನಿ. ಅದು ತಪ್ಪು ಅಂತಿದ್ರೆ ದೇವರ ಹತ್ರ ನಾನೇ ಮಾತಾಡ್ಕೋತೀನಿ. ಈ ಸಲ ಕಿಟಕಿ ಪರದೆ ಹಾಕ್ಕೊಂಡು ಕೂರ್ತೀವಿ, ನಿಮಗೂ ಬಟ್ಟೆ ಒಣಗಿಸೋಕೆ ಬಿಡುವಾಗುತ್ತೆ."

ಹಿಂದೆಲ್ಲೋ ಒಬ್ಬರು ಪಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಅವಳು ಕೂತಳು. ಹಾಳಾಗಿ ಹೋಗಲಿ, ಎಂದುಕೊಂಡಳು. ಪಾಸ್ಟರ್ ಏನೋ ಹೇಳಲು ಬಾಯಿ ತೆರೆಯುವ ಮೊದಲೇ ಆರ್ಗನ್ ಶುರುವಾಯಿತು. ಹಾಡಿಗೆ ಸನ್ನೆ ಕೊಟ್ಟಿರಲಿಲ್ಲ, ಪ್ರಸಂಗ ಮುಗಿದಿರಲಿಲ್ಲ. ಟೀಚರಮ್ಮನ ಜೀವಮಾನದಲ್ಲಿ ಹಾಗೆ ಆದದ್ದು ಯಾರಿಗೂ ನೆನಪಿಲ್ಲ. ಸಭೆ ಗಡಿಬಿಡಿಯಲ್ಲಿ ಎದ್ದು ನಿಂತು ಪುಸ್ತಕ ತಡಕಿತು. ಕನ್ನಡಿಯಲ್ಲಿ ಈಗ ಕಣ್ಣು ಕಾಣುತ್ತಿರಲಿಲ್ಲ, ಬಗ್ಗಿದ ತಲೆಯ ಬಿಳಿ ಬೈತಲೆ ಮಾತ್ರ ಕಾಣುತ್ತಿತ್ತು. ಗಂಡ ಹಾಡಿದ, ಒಂದು ಸಾಲು ತಡವಾಗಿ ಶುರು ಮಾಡಿ. ಇವಳ ಕಡೆ ನೋಡಲಿಲ್ಲ, ಆದರೆ ಯಾವತ್ತಿಗಿಂತ ಗಟ್ಟಿಯಾಗಿ ಹಾಡಿದ.

ಆರಾಧನೆ ಮುಗಿದು ಹೊರಗೆ ಬಂದಾಗ ಜನ ಅವಳಿಗೆ ದಾರಿ ಬಿಟ್ಟರು. ಬಿಡುವುದರಲ್ಲೂ ಒಂದು ರೀತಿ ಇರುತ್ತದೆ, ಮೈ ತಾಗದ ಹಾಗೆ ಬಿಡುವುದು. ಕೈ ಕುಲುಕುವವರು ಬೇರೆ ಕಡೆ ಕೈ ಕುಲುಕುತ್ತಿದ್ದರು. ಪಾಸ್ಟರ್ ಮಾತ್ರ ಹತ್ತಿರ ಬಂದು, "ನಾನು ಮೊದಲೇ ಸರಿಯಾಗಿ ಕೇಳಬೇಕಿತ್ತು ಅಮ್ಮಾ," ಎಂದ. "ನಾನು ಹೇಳಿದ್ದೆ," ಎಂದಳು ಅವಳು, "ನೀವು ನಕ್ಕಿರಿ." ಅವನು ಕೆಂಪಗಾಗಿ ತಲೆ ತಗ್ಗಿಸಿದ. ಮಗಳಿಗೆ ಈಗಾಗಲೇ ಯಾರೋ ಫೋನು ಮಾಡಿರುತ್ತಾರೆ. ಮೈಕಿನ ಮುಂದೆ ಕೂತ ಹುಡುಗಿ ಒಂದು ಗಾಡಿಗೂ ಇನ್ನೊಂದು ಗಾಡಿಗೂ ನಡುವೆ ಅದನ್ನು ಕೇಳಿಸಿಕೊಂಡು ಏನು ಮಾಡುತ್ತಾಳೋ. ಬಹುಶಃ ಏನೂ ಮಾಡುವುದಿಲ್ಲ. ಬಹುಶಃ ಸಂಜೆ ಫೋನು ಮಾಡಿ, ಊಟ ಆಯ್ತಾ, ಎನ್ನುತ್ತಾಳೆ, ಮಾಮೂಲಿ ದನಿಯಲ್ಲಿ. ಅವಳಿಗೆ ಅದು ಸಾಕಿತ್ತು.

ಮೆಟ್ಟಿಲ ಕೆಳಗೆ, ಹೆಂಗಸರ ಗುಂಪಿನ ನಡುವೆ, ಟೀಚರಮ್ಮ ನಿಂತಿದ್ದಳು. ಎದುರುಮನೆಯಾಕೆ ಅವಳ ತೋಳು ಹಿಡಿದುಕೊಂಡಿದ್ದಳು, ಎಲ್ಲರೂ ಅವಳನ್ನು ಸಂತೈಸುತ್ತಿದ್ದರು. ಪಾಪ, ಎಲ್ಲರೆದುರು ಹಾಗನ್ನಿಸಿಕೊಳ್ಳುವುದೆಂದರೆ. ಇಷ್ಟು ವರ್ಷ ಸೇವೆ ಮಾಡಿದವರು. ಟೀಚರಮ್ಮ ಕೈಯನ್ನು ಬಾಯಿಂದ ತೆಗೆದಿದ್ದಳು. ನೆಟ್ಟಗೆ ನಿಂತು, ತುಟಿ ತುಂಬಿಕೊಂಡು, ಸಭೆಯ ಅರ್ಧ ಜನರ ಕಿವಿ ಹಿಂಡಿದ ಅದೇ ದನಿಯಲ್ಲಿ ಹೇಳುತ್ತಿದ್ದಳು.

"ಅಷ್ಟು ಸಲ ಬಂದಳು ಮನೆಗೆ. ಒಂದು ಸಲವಾದ್ರೂ ಮನಸ್ಸು ಕರಗಿತಾ ನೋಡಿ. ಮೊದಲಿಂದಲೂ ಹಾಗೇ ಅವಳು. ಕಲ್ಲು ಮನಸ್ಸು."

ಹಲ್ಲಮ್ಮ ಮೆಟ್ಟಿಲ ಮೇಲೆ ನಿಂತಳು. ಎದೆಗೆ ಚುಚ್ಚಬೇಕಾಗಿತ್ತು, ಚುಚ್ಚಿತು ಕೂಡ, ಅದು ಅವಳಿಗೆ ಹೊಸದಲ್ಲ. ಆದರೆ ಕಿವಿ ಬೇರೇನನ್ನೋ ಕೇಳುತ್ತಿತ್ತು. ಅವಳು ಕೆಲಸದ ಮೇಜಿನ ಮುಂದೆ ವಾಲಿಸುವ ಹಾಗೆ ತಲೆ ವಾಲಿಸಿದಳು. ಸಲ. ಸಲವಾದ್ರೂ. ಮನಸ್ಸು, ಮನಸ್ಸು. ಎಲ್ಲೂ ಒಂದು ಎಳೆ ಸೀಟಿಯಿಲ್ಲ. ನೀಟಾಗಿ, ದುಂಡಾಗಿ, ತಾನು ಮಾಡಿದ ಹಲ್ಲುಗಳ ನಡುವಿನಿಂದ ತನ್ನನ್ನೇ ಬೈಯುವ ಮಾತು ಹೊರಗೆ ಬರುತ್ತಿತ್ತು, ಮತ್ತು ಅವಳಿಗೆ, ಅವಮಾನದ ಮಧ್ಯದಲ್ಲಿಯೇ, ಮೈ ಬೆಚ್ಚಗಾಗುವಷ್ಟು ಹೆಮ್ಮೆಯಾಯಿತು. ಹೆದರಿಕೆಗೆ ಹೇಳುತ್ತಿದ್ದಾಳೋ, ಮನಸಾರೆ ಹೇಳುತ್ತಿದ್ದಾಳೋ, ಯಾರಿಗೂ ಅನುಮಾನ ಬಾರದಿರಲಿ ಎಂದು ಹೇಳುತ್ತಿದ್ದಾಳೋ, ಅದನ್ನು ಬಿಡಿಸಿ ನೋಡುವುದು ತನ್ನ ಕೆಲಸವಲ್ಲ. ಬಾಯಿ ಮಾಡಿಕೊಡುವುದಷ್ಟೇ ತನ್ನ ಕೆಲಸ. ಅದರಿಂದ ಏನು ಮಾತಾಡಬೇಕು ಎಂದು ಕರಾರು ಹಾಕಿ ಮಾಡಿಕೊಟ್ಟಿದ್ದರೆ ಅದು ಬೇರೆ ವ್ಯಾಪಾರವಾಗುತ್ತಿತ್ತು.

ಅವಳು ಕೆಳಗಿಳಿದು ನೇರ ಆ ಗುಂಪಿನೊಳಗೆ ಹೋದಳು. ಎದುರುಮನೆಯಾಕೆ ಟೀಚರಮ್ಮನ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಮಂಗಳವಾರ ಮಧ್ಯಾಹ್ನ ಬರ್ತೀನಿ," ಎಂದಳು, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ.

ಟೀಚರಮ್ಮ ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿದಳು. ಮುಚ್ಚುವಾಗ ಎಡಗೆನ್ನೆ ಸಣ್ಣಗೆ ಹಿಂಡಿದ್ದು ಬೇರೆ ಯಾರಿಗೂ ಕಾಣಲಿಲ್ಲ. ಅಲ್ಲಿ ಇನ್ನೂ ಒತ್ತುತ್ತಿತ್ತು.

"ಬಾಗಿಲು ತೆಗೆದಿರಿ," ಎಂದು ಹೇಳಿ ಅವಳು ಮನೆಯ ಕಡೆ ನಡೆದಳು.